ಕೊನೆಯ ರೀಲಿಗೆ ಮೊದಲು

ನಮ್ಮ ಚಿಕ್ಕಮ್ಮ ನೋಡಿದ ಸಿನಿಮಾಗಳಿಗೆ ಲೆಕ್ಕವಿಲ್ಲ. ಪೂರ್ತಿ ನೋಡಿದ ಸಿನಿಮಾಗಳನ್ನು ಎಣಿಸಲು ಮಾತ್ರ ಒಂದು ಕೈಯ ಬೆರಳುಗಳೇ ಹೆಚ್ಚು. ಕೊನೆಯ ರೀಲು ಶುರುವಾಗುವ ಹೊತ್ತಿಗೆ ಆಕೆ ಸೆರಗು ಸರಿಮಾಡಿಕೊಂಡು, ಖಾಲಿಯಾದ ಸ್ಟೀಲಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಕತ್ತಲಲ್ಲಿ ಯಾರ ಕಾಲನ್ನೂ ತುಳಿಯದೆ ಹೊರಗೆ ಹೋಗಿಬಿಡುತ್ತಿದ್ದಳು. ಸಿನಿಮಾ ಬೇಸರ ಬಂದು ಎದ್ದಳು ಅಂದುಕೊಳ್ಳಬೇಡಿ. ಮುಂದಿನ ವಾರ ಅದೇ ಸಿನಿಮಾಕ್ಕೆ ಮತ್ತೆ ಹೋಗುತ್ತಿದ್ದಳು, ಮತ್ತೆ ಅದೇ ಜಾಗಕ್ಕೆ ಬಂದಾಗ ಏಳುತ್ತಿದ್ದಳು.

ಸಿನಿಮಾದ ಹುಚ್ಚಿದ್ದವರಿಗೆ ಒಂದೊಂದು ಕಟ್ಟಲೆ ಇದ್ದೇ ಇರುತ್ತದೆ. ನಿಮಗೂ ಇರಬಹುದು, ನೀವು ಅದನ್ನು ಯಾರಿಗೂ ಹೇಳಿರಲಿಕ್ಕಿಲ್ಲ. ನಾನು ಬೆಂಗಳೂರಿನಲ್ಲಿ ಓದುತ್ತಿದ್ದಾಗ ಹಾಸ್ಟೆಲ್ಲಿನಲ್ಲಿ ಧಾರವಾಡದ ಕಡೆಯ ಗೆಳತಿಯೊಬ್ಬಳಿದ್ದಳು. ಅವಳಿಗೆ ಸೆನ್ಸಾರ್ ಸರ್ಟಿಫಿಕೇಟ್ ಕಾಣದೆ ಸಿನಿಮಾ ನೋಡಿದರೆ ಸ್ನಾನ ಮಾಡದೆ ಪೂಜೆಗೆ ಕೂತಷ್ಟು ಕಸಿವಿಸಿ. ಆಟೋ ಸಿಗದೆ ತಡವಾಗಿ ಆ ಸರ್ಟಿಫಿಕೇಟ್ ಹೊರಟುಹೋಗಿದ್ದರೆ ಟಿಕೆಟ್ಟನ್ನು ಯಾರಿಗಾದರೂ ಕೊಟ್ಟು ವಾಪಸು ಬರುತ್ತಿದ್ದಳು. ಸರ್ಟಿಫಿಕೇಟಿನ ಎಡ ಮೂಲೆಯಲ್ಲಿ ತ್ರಿಕೋನದ ಗುರುತಿದ್ದರೆ ಸೆನ್ಸಾರಿನವರು ಕತ್ತರಿ ಆಡಿಸಿದ್ದಾರೆಂದು ಅರ್ಥ ಎಂಬುದನ್ನು ನನಗೆ ಕಲಿಸಿದವಳು ಅವಳೇ. ನಮ್ಮ ಬೀದಿಯ ಇನ್ನೊಬ್ಬರು ಕಲ್ಪನಾ ಸಿನಿಮಾಕ್ಕೆ ಹೋಗುವಾಗ ಒಂದು ಮೋಟು ಪೆನ್ಸಿಲ್ಲು, ಹಳೆ ಲಗ್ನಪತ್ರಿಕೆಯ ಹಿಂಬದಿ ಒಯ್ಯುತ್ತಿದ್ದರು. ಕತೆಗೂ ಅವರಿಗೂ ಸಂಬಂಧವಿಲ್ಲ, ರವಿಕೆಯ ತೋಳಿನ ಮಾದರಿ ಬರೆದುಕೊಂಡು ಸೀದಾ ಟೈಲರ್ ಅಂಗಡಿಗೆ. ಫ್ರಾನ್ಸಿನ ನಿರ್ದೇಶಕ ತ್ರೂಫೋ ಹುಡುಗನಾಗಿದ್ದಾಗ ಪರದೆಗೆ ಹತ್ತಿರ ಹತ್ತಿರ ಹೋಗಿ ಕೂರಬೇಕೆನಿಸುತ್ತಿತ್ತಂತೆ. ಅವನು ನಮ್ಮೂರಿನಲ್ಲಿ ಹುಟ್ಟಿದ್ದರೆ ಗಾಂಧಿ ಕ್ಲಾಸಿನಲ್ಲಿ ಬಹಳ ಸಂತೋಷವಾಗಿರುತ್ತಿದ್ದ.

ಆದರೆ ಪತ್ರಿಕೆಗಳಲ್ಲಿ ಅಭಿಮಾನಿ ಅಂದರೆ ಗಂಡಸು. ಕಟೌಟಿಗೆ ಹಾಲೆರೆಯುವವನು, ಪರದೆಗೆ ಕರ್ಪೂರ ಬೆಳಗುವವನು, ಚಿಲ್ಲರೆ ಕಾಸು ತೂರುವವನು, ಅವನ ಫೋಟೋ ಬರುತ್ತದೆ. ಹೆಂಗಸರ ಕಟ್ಟಲೆಗಳಿಗೆ ಸದ್ದಿಲ್ಲ, ಹಾಗಾಗಿ ಫೋಟೋವೂ ಇಲ್ಲ. 2002ರಲ್ಲಿ ನ್ಯೂಯಾರ್ಕಿನ ಸಿನಿಮಾ ಹುಚ್ಚರ ಮೇಲೆ ‘ಸಿನೆಮೇನಿಯಾ’ ಎಂಬ ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಒಬ್ಬ, ಸಿನಿಮಾದ ನಡುವೆ ಬಚ್ಚಲಿಗೆ ಏಳಬೇಕಾಗಬಾರದೆಂದು ತನ್ನ ಊಟವನ್ನೇ ಅದಕ್ಕೆ ತಕ್ಕಂತೆ ಹೊಂದಿಸಿಕೊಂಡಿದ್ದಾನೆ. ನೋಡುವವರೆಲ್ಲ ಮೂಗಿನ ಮೇಲೆ ಬೆರಳಿಡುತ್ತಾರೆ. ನನಗೆ ನಗು ಬಂತು. ಮ್ಯಾಟಿನಿಗೆ ಹೋಗುವ ದಿನ ಬೆಳಗಿನ ಕಾಫಿಯ ಮೇಲೆ ಒಂದು ಗುಟುಕು ನೀರನ್ನೂ ಕುಡಿಯದ ಹೆಂಗಸರು ನಮ್ಮ ಬೀದಿಯಲ್ಲೇ ಹತ್ತು ಜನ ಇದ್ದರು. ಟಾಕೀಸಿನಲ್ಲಿ ಹೆಂಗಸರು ಕಾಲಿಡುವಂಥ ಬಚ್ಚಲಿರಲಿಲ್ಲ, ಅಷ್ಟೆ. ಅವರನ್ನು ಯಾರೂ ಸಿನಿಮಾ ಹುಚ್ಚರೆಂದು ಕರೆಯಲಿಲ್ಲ. ಕೆಲಸವಿಲ್ಲದವರು ಅಂದರು.

ಚಿಕ್ಕಮ್ಮನ ಮನೆ ತಿಪಟೂರಿನಲ್ಲಿ. ಬೇಸಿಗೆ ರಜ, ದಸರಾ ರಜ ಎಲ್ಲ ನನಗೆ ಅಲ್ಲೇ. ಆಗ ಬೆಂಗಳೂರಿನಲ್ಲಿ ಬಿಡುಗಡೆಯಾದ ಚಿತ್ರ ನಮ್ಮಂಥ ಊರಿಗೆ ಬರಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಇದ್ದ ಪ್ರಿಂಟುಗಳೇ ಕಡಿಮೆ, ಅವು ದೊಡ್ಡ ಊರುಗಳಲ್ಲಿ ಓಡಿ, ಗೀರು ಬಿದ್ದು, ಅಲ್ಲಲ್ಲಿ ತುಂಡಾಗಿ ಅಂಟಿಸಿಕೊಂಡು ನಮ್ಮಲ್ಲಿಗೆ ಬರುತ್ತಿದ್ದವು. ಪೋಸ್ಟರ್ ಅಂಟಿಸಿದ ದಿನವೇ ಚಿಕ್ಕಮ್ಮನ ಸಡಗರ ಶುರು. ಶುಕ್ರವಾರ ಮಡಿಯ ಕೆಲಸ, ಶನಿವಾರ ಚಿಕ್ಕಪ್ಪನಿಗೆ ಅರ್ಧ ದಿನ ರಜ, ಭಾನುವಾರ ನೆಂಟರು. ಹೀಗಾಗಿ ಅವಳ ವಾರ ಮಂಗಳವಾರ. ಅಡಿಗೆ, ಪಾತ್ರೆ ಎಲ್ಲ ಮುಗಿಸಿ, ಮೊಳ ಮಲ್ಲಿಗೆ ಮುಡಿದು, ಡಬ್ಬಿಗೆ ಕೋಡುಬಳೆ ತುಂಬಿಕೊಂಡು ಒಂದೂವರೆಗೇ ಹೊರಟುಬಿಡಬೇಕು. ಲೇಡೀಸ್ ಕ್ಯೂನಲ್ಲಿ ಮೊದಲ ಹತ್ತರಲ್ಲಿರಬೇಕು. ಟಿಕೆಟ್ಟಾದ ಮೇಲೆ ಹಾಡಿನ ಪುಸ್ತಕ ಕೊಳ್ಳಬೇಕು. ಒಳಗೆ ಹೋಗಿ ಓಡಾಡುವ ದಾರಿಯ ಪಕ್ಕದ ಕುರ್ಚಿಯೇ ಆಗಬೇಕು.

ಆ ಹಾಡಿನ ಪುಸ್ತಕಗಳನ್ನು ಈಗಿನವರು ಕಂಡಿರಲಿಕ್ಕಿಲ್ಲ. ತೆಳು ಕಾಗದ, ಮಾಸಿದ ಬಣ್ಣದ ರಟ್ಟು, ಮೊದಲ ಪುಟದಲ್ಲಿ ‘ಕಥಾಸಾರ’. ಕತೆ ಮುಕ್ಕಾಲು ಬರುವವರೆಗೆ ಎಲ್ಲ ಹೇಳಿ, ಇನ್ನೇನು ಗಂಟು ಬಿಚ್ಚಬೇಕು ಅನ್ನುವಾಗ ಎರಡು ಪ್ರಶ್ನೆ ಕೇಳಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಕೈ ಮುಗಿದುಬಿಡುತ್ತಿದ್ದರು. ಚಿಕ್ಕಮ್ಮ ಇಂಥವನ್ನು ಒಂದು ಟ್ರಂಕಿನ ತುಂಬ ಇಟ್ಟಿದ್ದಳು. ಅವಳ ಸಿನಿಮಾಗಳೂ ಆ ಪುಸ್ತಕಗಳು ನಿಲ್ಲುವ ಕಡೆಯೇ ನಿಲ್ಲುತ್ತಿದ್ದವು.

ಕೊನೆಯ ರೀಲು ಬಂತೆಂದು ಗೊತ್ತಾಗುತ್ತಿದ್ದದ್ದು ಹೇಗೆ? ಇದನ್ನು ನಾನು ದೊಡ್ಡವಳಾದ ಮೇಲೆ ಕೇಳಿ ತಿಳಿದೆ. ಟಾಕೀಸಿನ ಆಪರೇಟರನ ಹೆಂಡತಿ ಹಿಂದಿನ ಬೀದಿಯವಳು, ಚಿಕ್ಕಮ್ಮನಿಂದ ಹೊಲಿಗೆ ಕಲಿಯುತ್ತಿದ್ದಳು. ಅವಳು ಹೇಳಿಕೊಟ್ಟ ಗುಟ್ಟು ಇದು. ಒಂದು ಸುರುಳಿ ಮುಗಿಯುವಾಗ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತದೆ, ಕೆಲವು ಸೆಕೆಂಡು ಬಿಟ್ಟು ಇನ್ನೊಂದು. ಮೊದಲನೆಯದು ಎರಡನೇ ಪ್ರೊಜೆಕ್ಟರನ್ನು ಶುರುಮಾಡು ಅಂತ, ಎರಡನೆಯದು ಅದಕ್ಕೆ ಬದಲಾಯಿಸು ಅಂತ ಆಪರೇಟರನಿಗೆ ಸನ್ನೆ. ಸಾವಿರ ಅಡಿಯ ಒಂದು ರೀಲೆಂದರೆ ಸುಮಾರು 11 ನಿಮಿಷ. ಅಂಥ ಎರಡನ್ನು ಒಂದು ಸುರುಳಿಗೆ ಸುತ್ತಿರುತ್ತಾರೆ. ಸರ್ಟಿಫಿಕೇಟಿನಲ್ಲಿ ಎಷ್ಟು ರೀಲು ಎಂದು ನೋಡಿಕೊಂಡು, ಅರ್ಧ ಮಾಡಿ, ಒಂದು ಕಳೆದು, ಅಷ್ಟು ಸಲ ಚುಕ್ಕೆ ಬಂದ ತಕ್ಷಣ ಎದ್ದರಾಯಿತು. ಹದಿನಾಲ್ಕು ರೀಲಾದರೆ ಆರನೆಯ ಚುಕ್ಕೆಗೆ. ಮನೆಯ ಹಾಲಿನ ಲೆಕ್ಕದಲ್ಲಿ ತಿಂಗಳಿಗೊಮ್ಮೆಯಾದರೂ ತಪ್ಪುತ್ತಿದ್ದ ಚಿಕ್ಕಮ್ಮ ಈ ಲೆಕ್ಕದಲ್ಲಿ ತಪ್ಪಿದ್ದನ್ನು ನಾನು ನೋಡಿಲ್ಲ. ಪರದೆಯ ಮೇಲೆ ಕಲ್ಪನಾ ಬಿಕ್ಕಿ ಬಿಕ್ಕಿ ಅಳುತ್ತಿದ್ದರೆ ಕಣ್ಣೀರಿನ ನಡುವೆಯೇ ಒಂದು ಕಣ್ಣನ್ನು ಬಲ ಮೂಲೆಯಲ್ಲಿಟ್ಟಿರುತ್ತಿದ್ದಳು.

ಮಕ್ಕಳಾದ ನಮ್ಮನ್ನು ಅವಳು ಎಬ್ಬಿಸುತ್ತಿರಲಿಲ್ಲ. ಆದರೆ ನನಗೆ ಅವಳ ಕೈ ಬಿಟ್ಟು ಕತ್ತಲಲ್ಲಿ ಕೂರಲು ಭಯ, ಹಿಂದೆಯೇ ಹೋಗುತ್ತಿದ್ದೆ. ಸೈಕಲ್ ಸ್ಟ್ಯಾಂಡಿನ ಹತ್ತಿರ ಕಡಲೆಕಾಯಿಯವನ ಪಕ್ಕ ನಿಲ್ಲುವುದು. ಆಗೆಲ್ಲ ಸಿನಿಮಾ ಮುಗಿದ ಮೇಲೆ ರಾಷ್ಟ್ರಗೀತೆ ಹಾಕುತ್ತಿದ್ದರು. ಒಳಗಿನವರು ನುಗ್ಗಿ ಹೊರಬರುತ್ತಿದ್ದರೆ ಚಿಕ್ಕಮ್ಮ ಸೈಕಲ್ಲುಗಳ ನಡುವೆ ನೆಟ್ಟಗೆ ನಿಂತಿರುತ್ತಿದ್ದಳು, ನನ್ನನ್ನೂ ನಿಲ್ಲಿಸುತ್ತಿದ್ದಳು. ಕಡಲೆಕಾಯಿಯವನಿಗೂ ಅಭ್ಯಾಸವಾಗಿಹೋಗಿತ್ತು, ತಕ್ಕಡಿ ಕೆಳಗಿಟ್ಟು ಅವನೂ ನಿಲ್ಲುತ್ತಿದ್ದ.

ನಿಜವಾದ ತಮಾಷೆ ಸಂಜೆಗೆ. ಮ್ಯಾಟಿನಿಗೆ ಬರಲಾಗದವರು, ಅತ್ತೆ ಬಿಡದವರು, ಮನೆಯಲ್ಲಿ ಬಾಣಂತಿ ಇದ್ದವರು ಜಗಲಿಗೆ ಬಂದು ಕೂರುತ್ತಿದ್ದರು. ಹುರುಳಿಕಾಯಿ ನಾರು ತೆಗೆಯುತ್ತ ಚಿಕ್ಕಮ್ಮ ಇಡೀ ಕತೆ ಹೇಳುತ್ತಿದ್ದಳು. ಇಡೀ ಕತೆ! ನೋಡದ ಕೊನೆಯನ್ನೂ ಸೇರಿಸಿ. 1971ರ ‘ಶರಪಂಜರ’ ನಮ್ಮೂರಿಗೆ ಬಂದದ್ದು ಮರುವರ್ಷ, ನನಗೆ ಹನ್ನೊಂದು ವಯಸ್ಸು. ಆ ಸಂಜೆ ಜಗಲಿಯಲ್ಲಿ ಜಾಗವಿರಲಿಲ್ಲ. ಬಾಣಂತಿ ಸನ್ನಿ ಹಿಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಬಂದರೆ ಮನೆ ಅವಳದಾಗಿ ಉಳಿದಿಲ್ಲ. ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಇಲ್ಲಿವರೆಗೆ ಚಿಕ್ಕಮ್ಮ ಹೇಳಿದ್ದು ಪರದೆಯ ಮೇಲಿದ್ದದ್ದೇ.

“ಆಮೇಲೆ?” ಅಂದರು ಯಾರೋ.

“ಆಮೇಲೇನು, ಒಂದು ಬೆಳಿಗ್ಗೆ ಎದ್ದು ತಲೆಗೆರೆದುಕೊಂಡು ತಾನೇ ಒಲೆ ಮುಂದೆ ನಿಂತಳು. ಹುಳಿ ಮಾಡಿದಳು. ಗಂಡನಿಗೆ ಬಡಿಸಿದಳು. ಅವನು ಕಲಸಿಕೊಂಡು ಉಂಡ. ಉಪ್ಪು ಸರಿಯಾಗಿತ್ತು.”

“ಅಷ್ಟೇನಾ?”

“ಅಷ್ಟೇ ಕಣ್ರೀ. ಇನ್ನೇನು ಬೇಕು?”

ಆ ಬೀದಿಯ ಮಟ್ಟಿಗೆ ‘ಶರಪಂಜರ’ ಮುಗಿದದ್ದು ಹಾಗೆ. ಆಮೇಲೆ ಸಿನಿಮಾ ನೋಡಿಬಂದ ಒಬ್ಬಿಬ್ಬರು ಜಗಳಕ್ಕೆ ಬಂದರು ಅನ್ನಿ. ಚಿಕ್ಕಮ್ಮ ಒಪ್ಪಲಿಲ್ಲ. ಎದ್ದು ಬಂದವಳಿಗೆ ಏನು ಗೊತ್ತು ಎಂದು ಅವರೇ ಮೂತಿ ತಿರುವಿಕೊಂಡು ಹೋದರು.

ನಾನು ಕಾಲೇಜಿಗೆ ಬೆಂಗಳೂರಿಗೆ ಹೋದೆ. ಫಿಲ್ಮ್ ಸೊಸೈಟಿಗಳ ಕಾಲ ಅದು; 1971ರಲ್ಲಿ ಶುರುವಾದ ‘ಸುಚಿತ್ರ’ದ ಹೆಸರು ನಮ್ಮಂಥವರ ಬಾಯಲ್ಲೆಲ್ಲ ಇತ್ತು. ನಾನೂ ನಾಲ್ಕು ಚಿತ್ರ ನೋಡಿ ನಾಲ್ಕು ಲೇಖನ ಓದಿ ವಿಮರ್ಶಕಿಯಾದೆ. 1960ರಲ್ಲಿ ‘ಸೈಕೋ’ ಬಂದಾಗ ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಹಿಚ್‌ಕಾಕ್ ಕಟ್ಟಪ್ಪಣೆ ಮಾಡಿದ್ದು ಓದಿ ರೋಮಾಂಚನವಾಗಿತ್ತು. ಅಮೆರಿಕದಲ್ಲಿ ಅದಕ್ಕೆ ಮೊದಲು ಜನ ಚಿತ್ರದ ನಡುವೆ ಯಾವಾಗ ಬೇಕಾದರೂ ನುಗ್ಗಿ, ಮುಂದಿನ ಆಟದಲ್ಲಿ ತಾವು ಬಂದ ಜಾಗದವರೆಗೆ ನೋಡಿ ಎದ್ದುಹೋಗುತ್ತಿದ್ದರಂತೆ. ಕಲೆಗೆ ಒಂದು ಮೊದಲು, ಒಂದು ಕೊನೆ ಇರುತ್ತದೆ, ಅದನ್ನು ಒಡೆಯುವ ಹಕ್ಕು ನೋಡುವವರಿಗಿಲ್ಲ ಎಂದು ನನಗೆ ದೃಢವಾಯಿತು. ದೃಢವಾದದ್ದನ್ನು ಯಾರ ಮೇಲಾದರೂ ಪ್ರಯೋಗಿಸಬೇಕಲ್ಲ. ಚಿಕ್ಕಮ್ಮ ಸಿಕ್ಕಳು.

1986ರ ದಸರಾ ರಜ. ನನಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಮೊದಲ ಸಂಬಳದಲ್ಲಿ ಕಲರ್ ಟಿ.ವಿ., ವಿಸಿಪಿ ಎರಡನ್ನೂ ಒಂದು ರಾತ್ರಿಗೆ ಬಾಡಿಗೆಗೆ ತಂದೆ, ಜೊತೆಗೆ ‘ಶರಪಂಜರ’ದ ಕ್ಯಾಸೆಟ್ಟು. ಬೀದಿಯವರೆಲ್ಲ ನಡುಮನೆಯಲ್ಲಿ. ಯಾರೋ ಎಲ್ಲಿಂದಲೋ ಕಾಪಿ ಮಾಡಿದ ಕ್ಯಾಸೆಟ್ಟದು, ಸರ್ಟಿಫಿಕೇಟೂ ಇಲ್ಲ, ಚುಕ್ಕೆಯೂ ಸರಿಯಾಗಿ ಕಾಣುವುದಿಲ್ಲ. ಚಿಕ್ಕಮ್ಮನಿಗೆ ದಿಕ್ಕು ತಪ್ಪಿತು. ಆದರೂ ಯಾವುದೋ ಸೀನಿನಲ್ಲಿ ಗೊತ್ತುಹಚ್ಚಿ, “ಹಾಲಿಗೆ ಹೆಪ್ಪು ಹಾಕಿಲ್ಲ” ಎಂದು ಎದ್ದಳು.

ನಾನು ಕೈ ಹಿಡಿದೆ. “ಇವತ್ತೊಂದು ದಿನ ಕೂತ್ಕೋ ಚಿಕ್ಕಮ್ಮ. ಹೆಪ್ಪು ನಾನು ಹಾಕ್ತೀನಿ.” ಅವಳು ಬಿಡಿಸಿಕೊಳ್ಳಲು ನೋಡಿದಳು. ಎಲ್ಲರೂ ನಗುತ್ತ, “ಕೂತ್ಕೊಳ್ರೀ, ಓದಿದ ಹುಡುಗಿ ಹೇಳ್ತಿದಾಳೆ” ಅಂದರು. ಕೂತಳು. ಗಂಡನಿಗೆ ಇನ್ನೊಬ್ಬಳ ಸಂಗವಿರುವುದು ಕಾವೇರಿಗೆ ತಿಳಿಯುತ್ತದೆ, ಆಸರೆಯೆಂದು ಹಿಡಿದದ್ದೆಲ್ಲ ಕಳಚುತ್ತದೆ, ಅವಳ ಚಿತ್ತ ಮತ್ತೆ ಕದಡಿ ಬಂದ ಆಸ್ಪತ್ರೆಗೇ ಹಿಂತಿರುಗುತ್ತಾಳೆ. ಕಲ್ಪನಾ ಆ ದೃಶ್ಯದಲ್ಲಿ ಏನು ಮಾಡಿದ್ದಾರೆಂಬುದನ್ನು ನಾನು ವರ್ಣಿಸಲಾರೆ. ನೋಡಿದವರಿಗೆ ವರ್ಣನೆ ಬೇಕಿಲ್ಲ. ನಡುಮನೆಯಲ್ಲಿ ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದರು. ಚಿಕ್ಕಮ್ಮನ ಕಣ್ಣಲ್ಲಿ ನೀರಿರಲಿಲ್ಲ. ಎದ್ದು ಹಿತ್ತಲಿಗೆ ಹೋದಳು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಬೆಳಿಗ್ಗೆ ಕಾಫಿ ಲೋಟ ನನ್ನ ಮುಂದಿಟ್ಟು ಹೇಳಿದಳು: “ಆ ಹುಡುಗೀನ ಮತ್ತೆ ಅಲ್ಲಿಗೇ ಕಳಿಸಿಬಿಟ್ಟೆಯಲ್ಲೇ.”

“ನಾನೆಲ್ಲಿ ಕಳಿಸಿದೆ ಚಿಕ್ಕಮ್ಮ, ಪುಟ್ಟಣ್ಣ ಕಳಿಸಿದ್ದು.”

“ಹದಿನಾಲ್ಕು ವರ್ಷ ಮನೆಯಲ್ಲೇ ಇದ್ದಳು” ಅಂದಳು.

ಆಮೇಲೆ ಅವಳು ನನ್ನ ಜೊತೆ ಸಿನಿಮಾಕ್ಕೆ ಬರಲಿಲ್ಲ. ಕರೆದಾಗಲೆಲ್ಲ ಮಂಡಿನೋವು, ವ್ರತ, ಏನಾದರೊಂದು. ನಾನು ಊರಿಗೆ ಮರಳಿ ಅಮ್ಮನಿಗೆ ಇದನ್ನು ಹಾಸ್ಯದ ಪ್ರಸಂಗವೆಂಬಂತೆ ಹೇಳಿದೆ. ಅಮ್ಮ ನಗಲಿಲ್ಲ. ಒಳಗೆ ಕರೆದು ಬಾಗಿಲು ಮುಂದೆ ಮಾಡಿ ಹೇಳಿದಳು. ಮೊದಲ ಹೆರಿಗೆಯಾದಾಗ ಚಿಕ್ಕಮ್ಮನಿಗೆ ಸನ್ನಿಯಾಗಿತ್ತು. ನಿದ್ದೆಯಿಲ್ಲ, ಮಗುವಿನ ಗುರುತಿಲ್ಲ, ತನ್ನಷ್ಟಕ್ಕೆ ಮಾತು. ಮೂರು ತಿಂಗಳಲ್ಲಿ ಸರಿಹೋದಳು. ಬೆಂಗಳೂರಿನ ಆಸ್ಪತ್ರೆಗೆ ಸೇರಿಸುವ ಮಾತು ಎದ್ದು, ನಮ್ಮಜ್ಜ ಕಾಲು ಹಿಡಿದದ್ದಕ್ಕೆ ನಿಂತಿತಂತೆ. ಗಂಡನ ಮನೆಗೆ ಮರಳಿದ ಮೇಲೆ ಎರಡು ವರ್ಷ ಅವಳು ಮಾಡಿದ ಅಡಿಗೆಯನ್ನು ಅತ್ತೆ ಮೊದಲು ತಾನು ರುಚಿ ನೋಡಿ, ಸ್ವಲ್ಪ ಹೊತ್ತು ಕಾದು, ಆಮೇಲೆ ಮಗನಿಗೆ ಬಡಿಸಲು ಬಿಡುತ್ತಿದ್ದರಂತೆ.

ಉಪ್ಪು ಸರಿಯಾಗಿತ್ತು ಎಂಬ ಮಾತು ನನಗೆ ಆಗ ನೆನಪಾಯಿತು.

ಬಾಣಂತಿ ಸನ್ನಿ ಸಾವಿರ ಹೆರಿಗೆಯಲ್ಲಿ ಒಂದೆರಡರಲ್ಲಿ ಕಾಣುವಂಥದ್ದು. ತಕ್ಕ ಚಿಕಿತ್ಸೆ ಸಿಕ್ಕರೆ ಬಹುತೇಕ ಎಲ್ಲರೂ ಗುಣವಾಗುತ್ತಾರೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ‘ಶರಪಂಜರ’ದ ದೊಡ್ಡತನ ಇರುವುದೇ ಇಲ್ಲಿ. ಹುಚ್ಚಿನ ಕತೆಗಳು ಬೇಕಾದಷ್ಟಿದ್ದವು. ಗುಣವಾದವಳನ್ನು ಗುಣವಾದವಳೆಂದು ಒಪ್ಪದ ಮನೆಯ ಕತೆಯನ್ನು ಬರೆದವರು ಅವರು. ತ್ರಿವೇಣಿ ಆ ಸಿನಿಮಾ ನೋಡಲಿಲ್ಲ, ಯಾವ ಸಿನಿಮಾವಾದದ್ದನ್ನೂ ನೋಡಲಿಲ್ಲ. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಅಂದಮೇಲೆ ಆ ಕೊನೆಯನ್ನು ಏನನ್ನೋಣ? ಕಾವೇರಿಯನ್ನು ಮತ್ತೆ ಆಸ್ಪತ್ರೆಗೆ ಕಳಿಸುವ ಮೂಲಕ ಪುಟ್ಟಣ್ಣ ಕಣಗಾಲರು ಗಂಡನ ಮುಖಕ್ಕೆ, ನೆರೆಹೊರೆಯ ಮುಖಕ್ಕೆ ಕನ್ನಡಿ ಹಿಡಿದರು, ನೋಡಿ ನಾಚಿಕೊಳ್ಳಿ ಎಂದರು. ನಾನು ವಿದ್ಯಾರ್ಥಿನಿಯರಿಗೆ ಹೀಗೆಯೇ ಹೇಳಿಕೊಟ್ಟಿದ್ದೇನೆ, ಅದು ತಪ್ಪೂ ಅಲ್ಲ. ಆದರೆ ಆ ಕೊನೆ ತಪ್ಪು ಮಾಡಿದವರನ್ನು ಉದ್ದೇಶಿಸಿದ್ದು. ಅವರು ಬಾಲ್ಕನಿಯಲ್ಲಿ ಕೂತು, ಕರವಸ್ತ್ರ ಒದ್ದೆ ಮಾಡಿಕೊಂಡು, ಮನೆಗೆ ಹೋಗಿ ಸೊಸೆ ಮಾಡಿದ ಹುಳಿಯನ್ನು ರುಚಿ ನೋಡಿದರು. ಏಟು ತಗಲಿದ್ದು ಯಾರಿಗೆ? ಹೆಂಗಸರ ಕ್ಲಾಸಿನಲ್ಲಿ ದಾರಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ, ಗುಣವಾಗಿ ಹನ್ನೆರಡು ಹದಿಮೂರು ವರ್ಷವಾಗಿದ್ದ ಒಬ್ಬಳಿಗೆ. ನಿನ್ನಂಥವಳು ಕೊನೆಗೆ ಹೋಗುವುದು ಅಲ್ಲಿಗೇ ಎಂದು ಪರದೆ ಅವಳಿಗೆ ಹೇಳುತ್ತಿತ್ತು.

ಹಾಗೆ ನೋಡಿದರೆ ನಮ್ಮ ಹೆಂಗಸರನ್ನು ಕಣ್ಣೀರಲ್ಲಿ ತೋಯಿಸಿದ ಚಿತ್ರಗಳ ಕೊನೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಬಂದ ‘ಗೆಜ್ಜೆಪೂಜೆ’ಯ ಚಂದ್ರಾ ಪ್ರಾಣ ಕಳೆದುಕೊಳ್ಳುತ್ತಾಳೆ. 1981ರ ‘ರಂಗನಾಯಕಿ’ಯೂ ಅಷ್ಟೆ. ಗೌರವದಿಂದ ಬದುಕಬೇಕೆಂದು ಹೊರಟ ಹೆಣ್ಣಿಗೆ ಕೊನೆಯ ರೀಲಿನಲ್ಲಿ ಎರಡೇ ಜಾಗ, ಮಸಣ ಇಲ್ಲವೆ ಆಸ್ಪತ್ರೆ. ಎಂಟು ಹತ್ತು ರೀಲುಗಳಲ್ಲಿ ಅವಳು ಆಡಿದ ಮಾತು, ತೋರಿದ ಧೈರ್ಯ ಸುಳ್ಳೇ? ಚಿಕ್ಕಮ್ಮ ಅವನ್ನು ನಂಬಿದಳು, ಕೊನೆಯನ್ನು ಬಿಟ್ಟಳು.

ಹಾಗೆಂದು ಅವಳಿಗೆ ಬೇಕಿದ್ದದ್ದು ಸುಖಾಂತ್ಯ ಎಂದೂ ಅಲ್ಲ. 1974ರ ‘ಎರಡು ಕನಸು’ ಸುಖವಾಗಿಯೇ ಮುಗಿಯುತ್ತದೆ. ಅದನ್ನು ಹೇಗೋ ಪೂರ್ತಿ ನೋಡಿಬಂದು, “ಅವನಿಗೆ ತನ್ನ ಹೆಂಡತಿ ಕಣ್ಣಿಗೆ ಬೀಳೋದಕ್ಕೆ ಇನ್ನೊಬ್ಬಳ ಮನೆಗೆ ಹೋಗಿಬರಬೇಕಾಯ್ತಾ” ಎಂದು ಗೊಣಗಿದ್ದಳು. ಮನಸಾರೆ ಕೊನೆಯವರೆಗೆ, ಮೂರು ಸಲ, ಕೂತು ನೋಡಿದ್ದು 1967ರ ‘ಬೆಳ್ಳಿಮೋಡ’. ಅದೂ ತ್ರಿವೇಣಿಯವರದೇ, ಪುಟ್ಟಣ್ಣನವರದೇ, ಕಲ್ಪನಾ ಅವರದೇ. ಆಸ್ತಿ ಕೈತಪ್ಪಿತೆಂದು ಅವಳನ್ನು ಬೇಡವೆಂದವನು ಕಷ್ಟಕ್ಕೆ ಸಿಕ್ಕಿದಾಗ ಇಂದಿರಾ ಅವನ ಶುಶ್ರೂಷೆ ಮಾಡುತ್ತಾಳೆ, ಮದುವೆಯ ಮಾತೆತ್ತಿದಾಗ ಬೇಡ ಅನ್ನುತ್ತಾಳೆ. ಅಲ್ಲಿ ಸುಖವೇನಿದೆ? ಆದರೆ ಅದು ಅವಳೇ ಮಾಡಿದ ತೀರ್ಮಾನ. ಅಂದರೆ ಅದೇ ಮೂವರಿಗೆ ಬೇರೆ ಥರದ ಕೊನೆಯೂ ಗೊತ್ತಿತ್ತು.

ನಾನಂತೂ ಈಗಲೂ ಕೊನೆಯವರೆಗೆ ಕೂರುವವಳೇ. ಜಗಲಿಯ ‘ಶರಪಂಜರ’ ಸಿನಿಮಾವಾಗಿದ್ದರೆ ಅದನ್ನು ಯಾರೂ ಐವತ್ತು ವರ್ಷ ನೆನಪಿಡುತ್ತಿರಲಿಲ್ಲ, ಇದು ನನಗೆ ಗೊತ್ತು. ಕೈ ಹಿಡಿದು ಕೂರಿಸಿದ್ದಕ್ಕೆ ಮಾತ್ರ ನನ್ನಲ್ಲಿ ಸಮಜಾಯಿಷಿ ಇಲ್ಲ. ಕ್ಷಮೆ ಕೇಳಲು ಎರಡು ಮೂರು ಸಲ ಹೊರಟು, ಕೇಳಿದರೆ ಅಮ್ಮ ಹೇಳಿದ್ದು ನನಗೆ ಗೊತ್ತೆಂದು ಅವಳಿಗೆ ತಿಳಿದುಬಿಡುತ್ತದೆಂದು ಸುಮ್ಮನಾದೆ.

2007ರ ಬೇಸಿಗೆಯಲ್ಲಿ ಚಿಕ್ಕಮ್ಮ ಬೆಂಗಳೂರಿನ ನಮ್ಮ ಮನೆಗೆ ಬಂದಿದ್ದಳು, ಎಪ್ಪತ್ತರ ಹತ್ತಿರ. ಹಿಂದಿನ ಡಿಸೆಂಬರಿನಲ್ಲಿ ಬಂದ ‘ಮುಂಗಾರು ಮಳೆ’ ಇನ್ನೂ ತುಂಬಿ ಓಡುತ್ತಿತ್ತು. ಅವಳೇ ಕೇಳಿದಳು, “ಆ ಮಳೆ ಸಿನಿಮಾಕ್ಕೆ ಹೋಗೋಣವೇನೇ?” ಇಪ್ಪತ್ತು ವರ್ಷವಾಗಿತ್ತು. ನಾನು ಏನೂ ಆಡದೆ ದಾರಿಯ ಪಕ್ಕದ ಎರಡು ಕುರ್ಚಿ ಹಿಡಿದೆ. ಜೋಗದ ನೀರು ಬಂದಾಗ ಕೈ ಮುಗಿದಳು. ಹುಡುಗನ ಜೊತೆ ಓಡಾಡುವ ದೇವದಾಸ ಎಂಬ ಆ ಮೊಲವನ್ನು ಕಂಡರೆ ಅವಳಿಗೆ ಇನ್ನಿಲ್ಲದ ಅಕ್ಕರೆ. ಹುಡುಗಿಯ ಮದುವೆಯ ಸಿದ್ಧತೆ ಮುಗಿಯುತ್ತಿದ್ದ ಹಾಗೆ ಬಲ ಮೂಲೆಯತ್ತ ನೋಡಿದಳು, ಚೀಲ ಹಿಡಿದು ಎದ್ದಳು. ನಾನು ಕಾಲು ಓರೆ ಮಾಡಿ ದಾರಿ ಬಿಟ್ಟೆ. ಆಮೇಲೆ ಕೂತು ಕೊನೆಯವರೆಗೂ ನೋಡಿದೆ, ಆ ಮೊಲದ ಗತಿಯನ್ನೂ.

ಹೊರಗೆ ಬಂದರೆ ಸ್ಕೂಟರುಗಳ ನಡುವೆ ನಿಂತಿದ್ದಳು. ಆಟೋ ಹತ್ತುವವರೆಗೂ ಮಾತಿಲ್ಲ. ಆಟೋ ಎರಡು ತಿರುವು ದಾಟಿದ ಮೇಲೆ, “ಆ ಮೊಲ ಏನಾಯ್ತೇ?” ಅಂದಳು.

“ಅವನ ಜೊತೇಲೇ ಇದೆ ಚಿಕ್ಕಮ್ಮ” ಅಂದೆ.